ನದಿಯೇ ಇಲ್ಲದ ಬೀದಿಗೆ ನೆರೆ ಬಂದಾಗ

2021ರ ಜುಲೈ 12, ಸೋಮವಾರ. ಹಿಂದಿನ ರಾತ್ರಿಯಷ್ಟೇ ಯೂರೋ ಕಪ್ ಫೈನಲ್‌ನಲ್ಲಿ ಇಂಗ್ಲೆಂಡ್ ಸೋತಿತ್ತು. ಆ ಬೇಸರದಲ್ಲೇ ಕೆಲಸಕ್ಕೆ ಹೋಗಿದ್ದ ಲಂಡನ್ನಿಗರು ಸಂಜೆ ಮನೆ ಸೇರುವ ಹೊತ್ತಿಗೆ ನಗರದ ಪಶ್ಚಿಮ ಭಾಗದ ಕೆನ್ಸಿಂಗ್ಟನ್, ನಾಟಿಂಗ್ ಹಿಲ್ ಕಡೆಯ ಬೀದಿಗಳಲ್ಲಿ ನೀರು ಹರಿಯುತ್ತಿತ್ತು. ಲಂಡನ್ನಿನ ಈ ಹಳೆಯ ಬಡಾವಣೆಗಳಲ್ಲಿ ರಸ್ತೆ ಮಟ್ಟಕ್ಕಿಂತ ಕೆಳಗೆ, ನೆಲಮಾಳಿಗೆಯಲ್ಲಿ ವಾಸಿಸುವವರು ಬಹಳ. ಅವರ ಮನೆಗಳಿಗೆ ನೀರು ಬಾಗಿಲಿನಿಂದ ಮಾತ್ರ ಬರಲಿಲ್ಲ. ಶೌಚಾಲಯದ ಕಮೋಡಿನಿಂದ, ಸ್ನಾನದ ಮನೆಯ ತೂಬಿನಿಂದ ಉಕ್ಕಿ ಮೇಲೆ ಬಂತು. ಮಳೆನೀರೂ ಕೊಳಚೆಯೂ ಬೆರೆತ ಆ ನೀರು ಹಾಸಿಗೆ, ಪುಸ್ತಕ, ಮಕ್ಕಳ ಆಟಿಕೆಗಳನ್ನೆಲ್ಲ ಮುಳುಗಿಸಿತು.

'ಕ್ವೀನ್' ವಾದ್ಯತಂಡದ ಗಿಟಾರ್ ವಾದಕ ಬ್ರಯಾನ್ ಮೇ ಅವರ ಕೆನ್ಸಿಂಗ್ಟನ್ ಮನೆಯೂ ಅಂದು ಪಾರಾಗಲಿಲ್ಲ. ಸುರಕ್ಷಿತವಾಗಿರಲೆಂದು ನೆಲಮಾಳಿಗೆಯಲ್ಲಿ ಇಟ್ಟಿದ್ದ ಬಾಲ್ಯದ ಫೋಟೊ ಆಲ್ಬಂಗಳು ಕೊಳಚೆನೀರಿನಲ್ಲಿ ನೆನೆದು ಹೋದವೆಂದು ಅವರೇ ಹೇಳಿಕೊಂಡರು. ಎರಡು ವಾರ ಕಳೆಯುವಷ್ಟರಲ್ಲಿ, ಜುಲೈ 25ರಂದು, ಪೂರ್ವ ಲಂಡನ್ನಿನ ಸರದಿ ಬಂತು. ಪುಡಿಂಗ್ ಮಿಲ್ ಲೇನ್ ರೈಲು ನಿಲ್ದಾಣದೊಳಗೆ ನೀರು ನುಗ್ಗಿತು. ವಿಪ್ಸ್ ಕ್ರಾಸ್ ಆಸ್ಪತ್ರೆಯಲ್ಲಿ ವಿದ್ಯುತ್ ಕೈಕೊಟ್ಟು ರೋಗಿಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು.

ಇಷ್ಟಕ್ಕೆಲ್ಲ ಬಿದ್ದ ಮಳೆ ಎಷ್ಟು? ಲಂಡನ್ನಿಗೆ ಜುಲೈ ತಿಂಗಳಿಡೀ ಬೀಳುವ ಮಳೆ ಸುಮಾರು 45 ಮಿ.ಮೀ. ಅಷ್ಟು ಮಳೆ ಕೆಲವು ಬಡಾವಣೆಗಳ ಮೇಲೆ ಕೆಲವೇ ಗಂಟೆಗಳಲ್ಲಿ ಸುರಿದಿತ್ತು. ಆಗುಂಬೆಯವರಿಗೆ ಇದು ಮಳೆ ಎಂದೇ ಅನಿಸಲಿಕ್ಕಿಲ್ಲ. ಆದರೆ ಬ್ರಿಟನ್ನಿನ ಬೇಸಿಗೆ ಮಳೆಯ ಕಥೆಯನ್ನು ಮಿಲಿಮೀಟರಿನ ಲೆಕ್ಕದಲ್ಲಷ್ಟೇ ಓದಿದರೆ ತಪ್ಪಾಗುತ್ತದೆ. ಎಷ್ಟು ಹೊತ್ತಿನಲ್ಲಿ ಬಿತ್ತು, ಎಂಥ ನೆಲದ ಮೇಲೆ ಬಿತ್ತು, ಬಿದ್ದ ನೀರಿಗೆ ಹೋಗಲು ದಾರಿ ಇತ್ತೇ ಎಂಬ ಮೂರು ಪ್ರಶ್ನೆಗಳೇ ಅಲ್ಲಿ ಮುಖ್ಯ.

ಜಿಟಿಜಿಟಿಯ ನಾಡಿನಲ್ಲಿ ಬಿರುಮಳೆ

ಬ್ರಿಟನ್ ಎಂದರೆ ಸದಾ ಮಳೆ, ಸದಾ ಕೊಡೆ ಎಂಬ ಕಲ್ಪನೆ ನಮ್ಮಲ್ಲಿದೆ. ವಾಸ್ತವದಲ್ಲಿ ಲಂಡನ್ನಿನ ವಾರ್ಷಿಕ ಮಳೆ ಸುಮಾರು 600 ಮಿ.ಮೀ. ಮಾತ್ರ, ಬೆಂಗಳೂರಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಮಳೆಯಾಗುತ್ತದೆ. ಅಲ್ಲಿನ ಮಳೆ ವರ್ಷದುದ್ದಕ್ಕೂ ಹಂಚಿಕೊಂಡು ಬೀಳುತ್ತದೆ. ಚಳಿಗಾಲದಲ್ಲಿ ಅಟ್ಲಾಂಟಿಕ್ ಸಾಗರದ ಕಡೆಯಿಂದ ಬರುವ ಮೋಡಗಳು ನೂರಾರು ಮೈಲಿ ಅಗಲಕ್ಕೆ ಹರಡಿ ದಿನಗಟ್ಟಲೆ ಜಿಟಿಜಿಟಿ ಹನಿಸುತ್ತವೆ. ಅದರಿಂದಲೂ ನೆರೆ ಬರುತ್ತದೆ. ಆದರೆ ಅದು ಮುನ್ಸೂಚನೆ ಕೊಟ್ಟು ಬರುವ ನೆರೆ. ನದಿ ದಿನೇ ದಿನೇ ಏರುವುದು ಕಣ್ಣಿಗೆ ಕಾಣುತ್ತದೆ.

ಬೇಸಿಗೆಯ ಮಳೆಯ ಜಾತಿಯೇ ಬೇರೆ. ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲಿಗೆ ಕಾದ ನೆಲದಿಂದ ತೇವ ತುಂಬಿದ ಗಾಳಿ ಮೇಲೇರಿ ಗುಡುಗಿನ ಮೋಡವಾಗುತ್ತದೆ. ಮೇಲ್ಗಾಳಿ ಜೋರಾಗಿದ್ದರೆ ಆ ಮೋಡ ಊರೂರಿಗೆ ಒಂದಿಷ್ಟು ಸುರಿಸುತ್ತ ಸಾಗಿಬಿಡುತ್ತದೆ. ಗಾಳಿ ಮಂದವಾಗಿದ್ದರೆ ನಿಂತಲ್ಲೇ ನಿಲ್ಲುತ್ತದೆ, ಇಲ್ಲವೇ ಒಂದರ ಹಿಂದೊಂದು ಮೋಡ ಅದೇ ಜಾಗದಲ್ಲಿ ಹುಟ್ಟುತ್ತ ಹೋಗುತ್ತದೆ. ಆಗ ಒಂದು ಕಣಿವೆ ಮುಳುಗುತ್ತದೆ, ಪಕ್ಕದ ಕಣಿವೆಯಲ್ಲಿ ಬಿಸಿಲು ಕಾಯುತ್ತಿರುತ್ತದೆ. 1975ರ ಆಗಸ್ಟ್ 14ರಂದು ಉತ್ತರ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಮೇಲೆ ಎರಡೂವರೆ ಗಂಟೆಯಲ್ಲಿ ಸುಮಾರು 170 ಮಿ.ಮೀ. ಮಳೆ ಸುರಿಯಿತು. ಕೆಲವೇ ಮೈಲಿ ದೂರದ ಬಡಾವಣೆಗಳಲ್ಲಿ ಹೇಳಿಕೊಳ್ಳುವಂಥ ಮಳೆಯೇ ಇರಲಿಲ್ಲ. ಡಾರ್ಸೆಟ್ ಜಿಲ್ಲೆಯ ಮಾರ್ಟಿನ್ಸ್‌ಟೌನ್ ಎಂಬ ಪುಟ್ಟ ಹಳ್ಳಿಯಲ್ಲಿ 1955ರ ಜುಲೈ 18ರಂದು ದಾಖಲಾದ 279 ಮಿ.ಮೀ. ಮಳೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬ್ರಿಟನ್ನಿನ ಒಂದು ದಿನದ ದಾಖಲೆಯಾಗಿ ಉಳಿದಿತ್ತು. ಅದೂ ಬೇಸಿಗೆಯ ಮಳೆಯೇ.

ಬಿಸಿಲಿಗೆ ಒಣಗಿ ಗಟ್ಟಿಯಾದ ನೆಲ ಇಂಥ ಬಿರುಮಳೆಯನ್ನು ಹೀರುವುದಿಲ್ಲ. ಮೊದಲೇ ನೆನೆದು ತುಂಬಿದ ನೆಲವೂ ಹೀರುವುದಿಲ್ಲ. ಡಾಂಬರು, ಕಾಂಕ್ರೀಟು, ಕಲ್ಲುಹಾಸುಗಳ ಮಾತಂತೂ ಹೇಳಬೇಕಾದ್ದೇ ಇಲ್ಲ. ಬಿದ್ದದ್ದೆಲ್ಲ ಹರಿಯುತ್ತದೆ.

ಬಾಸ್ಕಾಸಲ್‌ನ ಆ ಮಧ್ಯಾಹ್ನ

ನೈಋತ್ಯ ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯಲ್ಲಿ ಬಾಸ್ಕಾಸಲ್ ಎಂಬ ಊರಿದೆ. ಕಡಿದಾದ ಎರಡು ಗುಡ್ಡಗಳ ನಡುವಿನ ಸಂದಿಯಲ್ಲಿ ವೇಲೆನ್ಸಿ ಎಂಬ ಹೊಳೆ ಹರಿದು ಪುಟ್ಟ ಬಂದರು ಸೇರುತ್ತದೆ. ಊರಿನ ನಡುವೆ ಜಾರ್ಡನ್ ಎಂಬ ಇನ್ನೊಂದು ತೊರೆ ಅದಕ್ಕೆ ಕೂಡಿಕೊಳ್ಳುತ್ತದೆ. ಹೊಳೆಯ ದಂಡೆಯಲ್ಲೇ ಅಂಗಡಿ, ಹೋಟೆಲು, ವಾಹನ ನಿಲ್ದಾಣ, ಮಾಟಮಂತ್ರಗಳ ವಸ್ತುಗಳನ್ನಿಟ್ಟ ಒಂದು ಸಂಗ್ರಹಾಲಯ. ಬೇಸಿಗೆ ರಜೆಯಲ್ಲಿ ಪ್ರವಾಸಿಗರ ಜಾತ್ರೆ.

2004ರ ಆಗಸ್ಟ್ 16ರಂದು ಮಧ್ಯಾಹ್ನ ಮಳೆ ಹಿಡಿಯಿತು. ಕಾರ್ನ್‌ವಾಲ್ ಸಮುದ್ರಕ್ಕೆ ಚಾಚಿಕೊಂಡ ಭೂಶಿರ. ಅಂದು ಎರಡು ದಿಕ್ಕಿನ ಗಾಳಿ ಕರಾವಳಿಯುದ್ದಕ್ಕೂ ಒಂದೇ ಗೆರೆಯ ಮೇಲೆ ಎದುರುಬದುರಾದವು. ಆ ಗೆರೆಯಲ್ಲಿ ಮೋಡಗಳು ಸಾಲಾಗಿ ಎದ್ದು, ಒಂದಾದ ಮೇಲೊಂದರಂತೆ ಬಾಸ್ಕಾಸಲ್‌ನ ಹಿಂದಿನ ಗುಡ್ಡದ ಮೇಲೆಯೇ ಸುರಿದವು. ಮೇಲಿನ ಆಟರ್‌ಹ್ಯಾಮ್ ಹಳ್ಳಿಯ ಮಳೆಮಾಪಕ ಆ ದಿನ 200 ಮಿ.ಮೀ. ತೋರಿಸಿತು. ಸುತ್ತಮುತ್ತಲ ಹತ್ತು ಮಳೆಮಾಪಕಗಳ ಪೈಕಿ ನಾಲ್ಕರಲ್ಲಿ 3 ಮಿ.ಮೀ. ಕೂಡ ಇರಲಿಲ್ಲ.

ಇಳಿಜಾರಿನ ಕಣಿವೆಯಲ್ಲಿ ಅಷ್ಟೂ ನೀರು ಒಟ್ಟಾಗಿ ಇಳಿಯಿತು. ಬರುವಾಗ ದಂಡೆಯ ಮರಗಳನ್ನು ಬೇರುಸಮೇತ ಕಿತ್ತು ತಂದಿತು. ಊರಿನ ಮೇಲ್ಭಾಗದಲ್ಲಿದ್ದ ವಾಹನ ನಿಲ್ದಾಣಕ್ಕೆ ನುಗ್ಗಿ ಪ್ರವಾಸಿಗರ ಕಾರುಗಳನ್ನು ಎತ್ತಿಕೊಂಡಿತು. ತೇಲಿಬಂದ ಮರ, ಕಾರುಗಳು ಸೇತುವೆಯ ಕಣ್ಣಿಗೆ ಸಿಕ್ಕಿಕೊಂಡವು. ದಾರಿ ಕಟ್ಟಿದ ಹೊಳೆ ಊರಿನ ಮುಖ್ಯ ಬೀದಿಯನ್ನೇ ತನ್ನ ಪಾತ್ರ ಮಾಡಿಕೊಂಡಿತು. ಪ್ರವಾಸಿ ಮಾಹಿತಿ ಕೇಂದ್ರದೊಳಗಿದ್ದವರು ಅಟ್ಟ ಹತ್ತಿ, ಅಲ್ಲಿಗೂ ನೀರಿನ ಭಯ ಬಂದಾಗ ಸೂರಿನ ಮೇಲಕ್ಕೆ ಹೋದರು. ಮರ ಹಿಡಿದು ನಿಂತವರು, ಕಾರಿನ ಮೇಲೆ ಕೂತವರು, ಚಾವಣಿ ಅಪ್ಪಿಕೊಂಡವರನ್ನು ಏಳು ಹೆಲಿಕಾಪ್ಟರುಗಳು ಬಂದು ಒಬ್ಬೊಬ್ಬರನ್ನಾಗಿ ಎತ್ತಿದವು. ಸುಮಾರು 75 ಕಾರುಗಳು ಬಂದರು ದಾಟಿ ಸಮುದ್ರ ಸೇರಿದವು. ಕಟ್ಟಡಗಳು ಕುಸಿದವು. ಆದರೂ ಒಂದು ಜೀವವೂ ಹೋಗಲಿಲ್ಲ. ಹಗಲು ಹೊತ್ತಾಗಿತ್ತು, ಜನ ಎಚ್ಚರವಾಗಿದ್ದರು, ಹೆಲಿಕಾಪ್ಟರುಗಳು ಹತ್ತಿರದ ನೆಲೆಗಳಲ್ಲೇ ಇದ್ದವು.

ಹೊತ್ತು ರಾತ್ರಿಯಾಗಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಉತ್ತರ ಅಲ್ಲಿಂದ ಹೆಚ್ಚು ದೂರವಿಲ್ಲದ ಲಿನ್‌ಮತ್‌ನಲ್ಲಿ ಸಿಗುತ್ತದೆ. 1952ರ ಆಗಸ್ಟ್ 15ರ ರಾತ್ರಿ, ಅಂದರೆ ಬಾಸ್ಕಾಸಲ್ ಘಟನೆಗೆ 52 ವರ್ಷ ಮೊದಲು, ಎಕ್ಸ್‌ಮೂರ್ ಪ್ರಸ್ಥಭೂಮಿಯ ಮೇಲೆ ಒಂದು ದಿನದಲ್ಲಿ ಸುಮಾರು 229 ಮಿ.ಮೀ. ಮಳೆಯಾಯಿತು. ಆ ನೀರೆಲ್ಲ ಪೂರ್ವ ಮತ್ತು ಪಶ್ಚಿಮ ಲಿನ್ ಹೊಳೆಗಳಲ್ಲಿ ಇಳಿದು ಕತ್ತಲಲ್ಲಿ ಊರಿನ ಮೇಲೆ ಬಿತ್ತು. ಸತ್ತವರು 34 ಮಂದಿ, ಮನೆ ಕಳೆದುಕೊಂಡವರು 420. ಅಂಗಡಿ ಮನೆಗಳಿಗೆ ಜಾಗ ಮಾಡಿಕೊಡಲು ಪಶ್ಚಿಮ ಲಿನ್ ಹೊಳೆಯನ್ನು ಹಿಂದೆ ಕಿರಿದಾದ ಕಾಲುವೆಯೊಳಕ್ಕೆ ತಿರುಗಿಸಿದ್ದರು. ಅಂದು ರಾತ್ರಿ ಬಂಡೆ, ಮರಗಳಿಂದ ಆ ಕಾಲುವೆ ಕಟ್ಟಿಕೊಂಡಿತು. ಹೊಳೆ ತನ್ನ ಹಳೆಯ ದಾರಿಗೆ ಮರಳಿತು. ಆ ದಾರಿಯಲ್ಲಿ ಆಗಲೇ ಮನೆಗಳಿದ್ದವು.

ಇನ್ನೂ ಹಿಂದೆ, 1920ರ ಮೇ 29ರಂದು, ಪೂರ್ವ ಇಂಗ್ಲೆಂಡಿನ ಲೌತ್ ಪಟ್ಟಣದಲ್ಲಿ ಲಡ್ ಎಂಬ ಸಣ್ಣ ಹೊಳೆ 20 ನಿಮಿಷಗಳಲ್ಲಿ ಸುಮಾರು 15 ಅಡಿ ಏರಿ 23 ಜನರನ್ನು ಬಲಿ ತೆಗೆದುಕೊಂಡಿತು. ಆ ಹೊಳೆಯನ್ನು ದಿನವೂ ನೋಡುತ್ತಿದ್ದವರಿಗೆ ಅದು ಜೀವ ತೆಗೆದೀತೆಂಬ ಊಹೆಯೇ ಇರಲಿಲ್ಲ.

ಸಮತಟ್ಟಾದ ಊರಿನ ಸಂಕಟ

ಬೆಟ್ಟ, ಕಣಿವೆ ಇದ್ದರಷ್ಟೇ ಈ ಅಪಾಯ ಎಂದುಕೊಂಡಿದ್ದವರ ಕಣ್ಣು ತೆರೆಸಿದ್ದು 2007ರ ಬೇಸಿಗೆ. ಆ ವರ್ಷದ ಮೇಯಿಂದ ಜುಲೈವರೆಗಿನ ಮಳೆ, 1766ರಿಂದ ಇಟ್ಟಿರುವ ದಾಖಲೆಗಳಲ್ಲೇ ಅತಿ ಹೆಚ್ಚು. ಜೂನ್ 25ರಂದು ಯಾರ್ಕ್‌ಷೈರಿನ ಹಲ್ ನಗರದ ಮೇಲೆ ಸುರಿದ ಮಳೆಗೆ ಉಕ್ಕಲು ಅಲ್ಲಿ ನದಿಯ ಅಗತ್ಯವೇ ಬೀಳಲಿಲ್ಲ. ನಗರದ ಶೇ 90ರಷ್ಟು ನೆಲ ಸಮುದ್ರದ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. ಚರಂಡಿಯ ನೀರನ್ನು ಪಂಪುಗಳಿಂದಲೇ ಎತ್ತಿ ಹೊರಹಾಕಬೇಕು. ಚರಂಡಿ ತುಂಬಿತು, ಪಂಪುಗಳಿಗೆ ಸಾಲದಾಯಿತು, ನೀರು ಸದ್ದಿಲ್ಲದೆ ಬಡಾವಣೆಗಳಲ್ಲಿ ಏರಿತು. 8,600ಕ್ಕೂ ಹೆಚ್ಚು ಮನೆಗಳು ಹಾಳಾದವು. ನಗರದ 99 ಶಾಲೆಗಳಲ್ಲಿ 91ಕ್ಕೆ ಹಾನಿ. ಮುಚ್ಚಿಕೊಂಡ ಮೋರಿಯನ್ನು ಬಿಡಿಸಲು ಹೋದ ಯುವಕನೊಬ್ಬ ಅದರಲ್ಲೇ ಕಾಲು ಸಿಕ್ಕಿ, ರಕ್ಷಣಾ ಸಿಬ್ಬಂದಿ ಗಂಟೆಗಟ್ಟಲೆ ಹೆಣಗಾಡಿದರೂ ಉಳಿಯಲಿಲ್ಲ.

ಕಾರುಗಳು ತೇಲುವ, ಜನ ಹೆಲಿಕಾಪ್ಟರಿನಲ್ಲಿ ನೇತಾಡುವ ಚಿತ್ರಗಳು ಹಲ್‌ನಿಂದ ಬರಲಿಲ್ಲ. ಹಾಗಾಗಿ ದೇಶದ ಗಮನವೂ ಅತ್ತ ಹೆಚ್ಚು ಹರಿಯಲಿಲ್ಲ. 'ನಮ್ಮದು ಮರೆತುಹೋದ ನಗರ' ಎಂದು ಅಲ್ಲಿನ ನಗರಸಭೆಯ ನಾಯಕರು ನೋವಿನಿಂದ ಹೇಳಿದ್ದರು.

ಒಂದೇ ತಿಂಗಳಲ್ಲಿ ಗ್ಲಾಸ್ಟರ್‌ಷೈರಿನ ಸರದಿ. ಜುಲೈ 20ರ ಮಳೆಗೆ ಎಂ5 ಹೆದ್ದಾರಿ ಮತ್ತು ಸುತ್ತಲಿನ ರಸ್ತೆಗಳಲ್ಲಿ ಸುಮಾರು 10,000 ವಾಹನ ಸವಾರರು ಸಿಕ್ಕಿಬಿದ್ದು ಹಲವರು ಕಾರಿನಲ್ಲೇ ರಾತ್ರಿ ಕಳೆದರು. ಟ್ಯೂಕ್ಸ್‌ಬರಿ ಪಟ್ಟಣದ ಪುರಾತನ ಚರ್ಚು ನಡುಗಡ್ಡೆಯಾಯಿತು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಪಕ್ಕದ ಮೈಥ್ ನೀರು ಶುದ್ಧೀಕರಣ ಘಟಕಕ್ಕೆ. ಅದು ಮುಳುಗಿದ್ದರಿಂದ ಸುಮಾರು 3.5 ಲಕ್ಷ ಜನರ ಮನೆಯ ನಲ್ಲಿ ಎರಡು ವಾರಕ್ಕೂ ಮಿಕ್ಕಿ ಒಣಗಿತು. ಸುತ್ತಲೂ ನೀರೇ ನೀರು, ಕುಡಿಯಲು ಮಾತ್ರ ರಸ್ತೆ ಬದಿಯ ಟ್ಯಾಂಕಿನ ಮುಂದೆ ಸಾಲು. ಆ ಬೇಸಿಗೆಯಲ್ಲಿ ದೇಶದಾದ್ಯಂತ 13 ಜನ ಸತ್ತರು, 55,000ದಷ್ಟು ಮನೆ ಅಂಗಡಿಗಳು ಜಲಾವೃತವಾದವು.

ಇದು ಯಾರ ನೀರು?

2007ರ ನಂತರ ಸಂತ್ರಸ್ತರು ಕೇಳಿದ ಮೊದಲ ಪ್ರಶ್ನೆ ಸರಳವಾಗಿತ್ತು: ನಮ್ಮ ಮನೆಗೆ ನುಗ್ಗಿದ ನೀರಿಗೆ ಹೊಣೆ ಯಾರು? ಉತ್ತರ ಸಿಗಲಿಲ್ಲ. ದೊಡ್ಡ ನದಿ ಉಕ್ಕಿದರೆ ಸರ್ಕಾರದ ಪರಿಸರ ಸಂಸ್ಥೆಯ ಹೊಣೆ. ಒಳಚರಂಡಿ ಉಕ್ಕಿದರೆ ನೀರು ಸರಬರಾಜು ಕಂಪನಿಯದು. ರಸ್ತೆ ಬದಿಯ ಮೋರಿ ಕಟ್ಟಿಕೊಂಡಿದ್ದರೆ ರಸ್ತೆ ಇಲಾಖೆಯದು. ಹೊಲದ ಅಂಚಿನ ಸಣ್ಣ ಕಾಲುವೆ ಜಮೀನಿನ ಮಾಲೀಕನದು. ಮಳೆನೀರಿಗೆ ಈ ಗಡಿಗಳ ಗೊಡವೆ ಇಲ್ಲ. ಹೊಲದಿಂದ ರಸ್ತೆಗೆ, ರಸ್ತೆಯಿಂದ ಮೋರಿಗೆ, ಮೋರಿಯಿಂದ ಒಳಚರಂಡಿಗೆ, ಅಲ್ಲಿಂದ ಮನೆಯೊಳಕ್ಕೆ ಬರುತ್ತದೆ. ದೂರು ಕೊಡಲು ಹೋದವರು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದರು.

ಸರ್ ಮೈಕೇಲ್ ಪಿಟ್ ನೇತೃತ್ವದ ಪರಿಶೀಲನಾ ವರದಿ 2008ರ ಜೂನ್‌ನಲ್ಲಿ 92 ಶಿಫಾರಸುಗಳೊಂದಿಗೆ ಹೊರಬಂತು. ಅದರ ಫಲವಾಗಿ 2009ರಲ್ಲಿ ಹವಾಮಾನ ಇಲಾಖೆ ಮತ್ತು ಪರಿಸರ ಸಂಸ್ಥೆ ಜಂಟಿಯಾಗಿ ನೆರೆ ಮುನ್ಸೂಚನಾ ಕೇಂದ್ರ ತೆರೆದವು. 2010ರ ನೆರೆ ಮತ್ತು ನೀರು ನಿರ್ವಹಣಾ ಕಾಯ್ದೆ ನದಿಯಿಂದಲ್ಲದೆ ನೆಲದ ಮೇಲೆ ಹರಿದು ಬರುವ ನೆರೆಯ ಹೊಣೆಯನ್ನು ಮೊದಲ ಬಾರಿಗೆ ಸ್ಥಳೀಯ ಆಡಳಿತಕ್ಕೆ ವಹಿಸಿತು. ಆ ನೆರೆಯ ವ್ಯಾಪ್ತಿ ಎಷ್ಟೆಂಬುದು ಈಚೆಗೆ ಇನ್ನಷ್ಟು ಸ್ಪಷ್ಟವಾಗಿದೆ. ಪರಿಸರ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಲೆಕ್ಕದಂತೆ ಇಂಗ್ಲೆಂಡಿನಲ್ಲಿ ನೆರೆಯ ಅಪಾಯದಲ್ಲಿರುವ ಮನೆ, ಕಟ್ಟಡಗಳು 63 ಲಕ್ಷ. ಅವುಗಳಲ್ಲಿ 46 ಲಕ್ಷಕ್ಕೆ ಅಪಾಯ ಇರುವುದು ಮಳೆನೀರು ನೇರವಾಗಿ ಹರಿದು ಬರುವುದರಿಂದ. ಈ 46 ಲಕ್ಷದಲ್ಲಿ ಎಷ್ಟೋ ಮಂದಿಗೆ ಮನೆಯ ಹತ್ತಿರ ಹೊಳೆಯೇ ಇಲ್ಲ. ಹೀಗಾಗಿ ನೆರೆ ತಮ್ಮ ಪಾಲಿನ ಚಿಂತೆ ಎಂದು ಅವರಿಗೆ ಅನ್ನಿಸುವುದೂ ಇಲ್ಲ.

ಹೊಳೆ ಇಲ್ಲದ ಕಡೆಯೂ ನೆರೆ ಹೇಗೆ ಬರುತ್ತದೆ ಎಂಬುದಕ್ಕೆ ಲಂಡನ್ನಿನ ಒಳಚರಂಡಿ ಒಳ್ಳೆಯ ಉದಾಹರಣೆ. 1858ರಲ್ಲಿ ಥೇಮ್ಸ್ ನದಿಯ ದುರ್ವಾಸನೆ ತಾಳಲಾರದಷ್ಟಾದ ಮೇಲೆ ಎಂಜಿನಿಯರ್ ಜೋಸೆಫ್ ಬಝಲ್ಜೆಟ್ ಕಟ್ಟಿಸಿದ ಇಟ್ಟಿಗೆಯ ಸುರಂಗಗಳು ಇಂದಿಗೂ ನಗರದ ಬೆನ್ನೆಲುಬು. ಅವುಗಳಲ್ಲಿ ಕೊಳಚೆಯೂ ಮಳೆನೀರೂ ಒಟ್ಟಿಗೇ ಹರಿಯುತ್ತವೆ. ಆಮೇಲೆ ಊರು ಬೆಳೆಯಿತು, ಮನೆಯ ಮುಂದಿನ ಕೈತೋಟಗಳು ಕಾರು ನಿಲ್ಲಿಸುವ ಕಲ್ಲುಹಾಸುಗಳಾದವು. ಮಣ್ಣು ಕುಡಿಯುತ್ತಿದ್ದ ನೀರೂ ಮೋರಿಯ ಪಾಲಾಯಿತು. ಸುರಂಗ ತುಂಬಿ, ನೀರು ಹಿಮ್ಮುಖವಾಗಿ ತಿರುಗಿದಾಗ ಮೊದಲು ಸಿಗುವುದೇ ನೆಲಮಾಳಿಗೆಯ ಮನೆ. 2008ರ ಅಕ್ಟೋಬರ್‌ನಿಂದ ಇಂಗ್ಲೆಂಡಿನಲ್ಲಿ ಮನೆ ಮುಂದಿನ ತೋಟಕ್ಕೆ 5 ಚದರ ಮೀಟರಿಗಿಂತ ಹೆಚ್ಚು ನೀರಿಳಿಯದ ಹಾಸು ಹಾಕಲು ಅನುಮತಿ ಕಡ್ಡಾಯವಾಗಿದೆ. ಅಷ್ಟರಲ್ಲಿ ಸಾವಿರಾರು ತೋಟಗಳು ಕಲ್ಲಾಗಿ ಹೋಗಿದ್ದವು.

ನೀರು ಇಳಿದ ಮೇಲೆ

ದಿಢೀರ್ ಪ್ರವಾಹ ಬಂದು ಹೋಗುವುದು ಗಂಟೆಗಳ ಲೆಕ್ಕದಲ್ಲಿ. ಅದರ ನಂತರದ ಪಾಡು ವರ್ಷ ದಾಟುತ್ತದೆ. ಬ್ರಿಟನ್ನಿನ ಮನೆಗಳಲ್ಲಿ ನೆಲಕ್ಕೆ ಮರದ ಹಲಗೆ, ಅದರ ಮೇಲೆ ಗೋಡೆಯಿಂದ ಗೋಡೆಗೆ ಕಾರ್ಪೆಟ್, ಗೋಡೆಗೆ ಜಿಪ್ಸಂ ಗಾರೆ. ಇವೆಲ್ಲ ನೀರು ಹೀರುತ್ತವೆ. ತೋಯ್ದ ಕಾರ್ಪೆಟ್, ಸೋಫಾ, ಫ್ರಿಜ್ಜು, ಅಡುಗೆಮನೆಯ ಕಪಾಟುಗಳು ಮನೆ ಮುಂದಿನ ಕಸದ ತೊಟ್ಟಿಗೆ ಹೋಗುತ್ತವೆ. ನೀರು ಮುಟ್ಟಿದ ಮಟ್ಟದಿಂದಲೂ ಮೇಲಕ್ಕೆ ಗಾರೆ ಕೆತ್ತಿ ಇಟ್ಟಿಗೆ ಕಾಣುವಂತೆ ಮಾಡುತ್ತಾರೆ. ನೆಲದ ಹಲಗೆ ಕೀಳುತ್ತಾರೆ. ಆಮೇಲೆ ತೇವ ಹೀರುವ ಯಂತ್ರಗಳು ಹಗಲೂ ರಾತ್ರಿ ಗುಂಯ್‌ಗುಡುತ್ತವೆ. ತೇವದ ಅಳತೆ ಸರಿಹೋಗುವ ತನಕ ಗಾರೆಯ ಕೆಲಸ ಹಿಡಿಯುವಂತಿಲ್ಲ. ತಂಪು ಹವೆಯಲ್ಲಿ ಗೋಡೆ ಒಣಗಲು ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಕುಟುಂಬ ಬಾಡಿಗೆ ಮನೆಯಲ್ಲಿ, ನೆಂಟರ ಮನೆಯಲ್ಲಿ, ಇಲ್ಲವೇ ಸ್ವಂತ ಮನೆಯ ಅಂಗಳದಲ್ಲೇ ನಿಲ್ಲಿಸಿದ ಕ್ಯಾರವಾನ್ ಗಾಡಿಯಲ್ಲಿ ದಿನ ದೂಡುತ್ತದೆ.

ಈ ದೀರ್ಘ ಪಾಡನ್ನು ಹತ್ತಿರದಿಂದ ನೋಡಿದ್ದು ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು. ಹಲ್ ನಗರದ ಸಂತ್ರಸ್ತರ ಕೈಗೆ ದಿನಚರಿ ಕೊಟ್ಟು, ಹದಿನೆಂಟು ತಿಂಗಳು ವಾರವಾರ ಅನಿಸಿದ್ದನ್ನು ಬರೆಯಲು ಹೇಳಿದರು. ಅವರ ಬರಹಗಳಿಂದ ತಿಳಿದ ಸಂಗತಿ ಸಾಮಾನ್ಯ ನಂಬಿಕೆಗೆ ತಿರುಗುಮುರುಗು. ನೀರು ನುಗ್ಗಿದ ದಿನಕ್ಕಿಂತ ಆಮೇಲಿನ ತಿಂಗಳುಗಳೇ ಜನರನ್ನು ಹೆಚ್ಚು ಬಳಲಿಸಿದ್ದವು. ವಿಮೆಯವರ ಫೋನಿಗೆ ಕಾಯುವುದು, ಬರುತ್ತೇನೆಂದು ಬಾರದ ಗುತ್ತಿಗೆದಾರ, ಅರ್ಧಕ್ಕೆ ನಿಂತ ಕೆಲಸ, ಎರಡು ಹೆಜ್ಜೆ ಮುಂದಿಟ್ಟರೆ ಒಂದು ಹೆಜ್ಜೆ ಹಿಂದೆ. ಮನೆ ಸಿದ್ಧವಾಗಿ ಮರಳಿದವರಿಗೂ ಅದು ತಮ್ಮ ಮನೆ ಅನಿಸುತ್ತಿರಲಿಲ್ಲ. ಜೋರು ಮಳೆಯ ರಾತ್ರಿ ಎದ್ದು ಕಿಟಕಿಯಿಂದ ಮೋರಿ ನೋಡುವ ಅಭ್ಯಾಸ ಮಾತ್ರ ಉಳಿದುಬಿಟ್ಟಿತ್ತು.

ಒಮ್ಮೆ ನೀರು ನುಗ್ಗಿದ ಮನೆಗೆ ವಿಮೆ ಸಿಗುವುದೂ ಕಷ್ಟವಾಯಿತು. ಕಂತು ಗಗನಕ್ಕೇರಿತು, ಮನೆ ಮಾರಲು ಹೋದರೆ ಕೊಳ್ಳುವವರಿರಲಿಲ್ಲ. ಅದಕ್ಕಾಗಿ 2016ರ ಏಪ್ರಿಲ್‌ನಲ್ಲಿ 'ಫ್ಲಡ್ ರೀ' ಎಂಬ ವ್ಯವಸ್ಥೆ ಆರಂಭವಾಯಿತು. ಎಲ್ಲ ವಿಮಾ ಕಂಪನಿಗಳಿಂದ ಹಣ ಕೂಡಿಸಿ ಅಪಾಯದಲ್ಲಿರುವ ಮನೆಗಳ ನೆರೆವಿಮೆಯ ಭಾರ ತಗ್ಗಿಸುವ ಏರ್ಪಾಡು ಅದು. 2039ರವರೆಗೆ ಮಾತ್ರ ಇರುತ್ತದೆ. 2009ರಿಂದ ಈಚೆಗೆ ಕಟ್ಟಿದ ಮನೆಗಳಿಗೆ, ಅಂಗಡಿ ಮುಂಗಟ್ಟುಗಳಿಗೆ ಅದರ ಆಸರೆ ಇಲ್ಲ.

ಹಳದಿ, ಕೇಸರಿ, ಕೆಂಪು

ಬಾಸ್ಕಾಸಲ್ ಮುಳುಗಿದ ಕಾಲಕ್ಕೆ ಬ್ರಿಟಿಷ್ ಹವಾಮಾನ ಇಲಾಖೆಯ ಗಣಕ ಮಾದರಿ ದೇಶವನ್ನು 12 ಕಿ.ಮೀ. ಚೌಕಗಳಾಗಿ ನೋಡುತ್ತಿತ್ತು. ಒಂದು ಗುಡುಗಿನ ಮೋಡ ಇಡಿಯಾಗಿ ಆ ಚೌಕದೊಳಗೆ ಅಡಗಿಬಿಡುತ್ತಿತ್ತು. ಈಗಿನ ಮಾದರಿ 1.5 ಕಿ.ಮೀ. ಚೌಕಗಳದು. ಆದರೂ 'ಈ ಜಿಲ್ಲೆಯಲ್ಲಿ ಎಲ್ಲೋ ಒಂದು ಕಡೆ ಭಾರಿ ಮಳೆ' ಎನ್ನಬಹುದೇ ಹೊರತು ಇಂಥ ಬೀದಿ ಎಂದು ಬೆರಳಿಟ್ಟು ಹೇಳಲಾಗುವುದಿಲ್ಲ. ಇಲಾಖೆ ಹಳದಿ, ಕೇಸರಿ, ಕೆಂಪು ಬಣ್ಣಗಳಲ್ಲಿ ಎಚ್ಚರಿಕೆ ಕೊಡುತ್ತದೆ. 2018ರಿಂದ ಗುಡುಗು ಮಳೆಗೇ ಪ್ರತ್ಯೇಕ ಎಚ್ಚರಿಕೆ ಇದೆ. ಹಳದಿ ಎಚ್ಚರಿಕೆ ಕೊಟ್ಟ ದಿನ ಹತ್ತರಲ್ಲಿ ಒಂಬತ್ತು ಊರಿಗೆ ಏನೂ ಆಗದಿರಬಹುದು, ಹತ್ತನೆಯದಕ್ಕೆ ಮನೆ ಹೋಗಬಹುದು.

2012ರ ಜೂನ್ 28ರ ಗುರುವಾರ ನ್ಯೂಕಾಸಲ್ ನಗರಕ್ಕೆ ಆದದ್ದು ಹಾಗೆಯೇ. ಎರಡು ಗಂಟೆಗಳಲ್ಲಿ ಸುಮಾರು 50 ಮಿ.ಮೀ. ಮಳೆ. ಕಚೇರಿ ಬಿಡುವ ಹೊತ್ತು. ಮೆಟ್ರೊ ರೈಲು ನಿಂತಿತು, ರಸ್ತೆಗಳು ಹೊಳೆಯಾದವು, ಜನ ಮೈಲಿಗಟ್ಟಲೆ ನಡೆದು ಮನೆ ಸೇರಿದರು. ಸ್ಥಳೀಯರು ತಮ್ಮ ಊರನ್ನು 'ಟೂನ್' ಎನ್ನುತ್ತಾರೆ. ಅಂದಿನ ಮಳೆ ಅವರ ಬಾಯಲ್ಲಿ 'ಟೂನ್ ಮಾನ್ಸೂನ್' ಎಂದೇ ಉಳಿದಿದೆ.

ಕೆಲವು ಊರುಗಳು ಮುನ್ಸೂಚನೆಗೆ ತಮ್ಮದೇ ದಾರಿ ಹಿಡಿದಿವೆ. ಯಾರ್ಕ್‌ಷೈರಿನ ಕಾಲ್ಡರ್ ಕಣಿವೆಯ ಹೆಬ್ಡೆನ್ ಬ್ರಿಜ್, ಟಾಡ್‌ಮರ್ಡನ್‌ಗಳಲ್ಲಿ ನೆರೆ ಬರುವಾಗ ಈಗಲೂ ಸೈರನ್ ಕೂಗುತ್ತದೆ, ಯುದ್ಧಕಾಲದ ವಿಮಾನದಾಳಿಯ ಸೈರನ್ನಿನ ಹಾಗೆಯೇ. 2012ರಲ್ಲಿ ಹೆಬ್ಡೆನ್ ಬ್ರಿಜ್ ಜೂನ್ 22ರಂದು ಮುಳುಗಿ, ಕೆಸರು ಬಳಿದು ಮುಗಿಸುವಷ್ಟರಲ್ಲಿ ಜುಲೈ 9ರಂದು ಮತ್ತೆ ಮುಳುಗಿತು. ಸೈರನ್ ಕೇಳಿದೊಡನೆ ಅಂಗಡಿಯವರು ಸಾಮಾನು ಮೇಲಿನ ಕಪಾಟಿಗೇರಿಸುತ್ತಾರೆ, ಬಾಗಿಲಿಗೆ ಅಡ್ಡಹಲಗೆ ಸಿಕ್ಕಿಸುತ್ತಾರೆ. ನೆರೆ ಸ್ವಯಂಸೇವಕರು ಒಂಟಿಯಾಗಿರುವ ವೃದ್ಧರ ಮನೆ ಬಾಗಿಲು ತಟ್ಟುತ್ತಾರೆ. ಹರಿಯುವ ನೀರು 30 ಸೆಂಟಿಮೀಟರ್ ಇದ್ದರೆ ಸಾಕು, ಕಾರು ತೇಲುತ್ತದೆ ಎಂಬುದನ್ನು ಶಾಲೆಯ ಮಕ್ಕಳಿಗೂ ಹೇಳಿಕೊಡುತ್ತಾರೆ.

ಹಳ್ಳಿಯ ರೈತರಿಗೆ ಇಂಥ ಎಚ್ಚರಿಕೆಯಿಂದ ಆಗುವ ಲಾಭವೂ ಕಡಿಮೆ. 2019ರ ಜುಲೈ 30ರಂದು ಉತ್ತರ ಯಾರ್ಕ್‌ಷೈರಿನ ಸ್ವೇಲ್‌ಡೇಲ್ ಕಣಿವೆಯ ಮೇಲೆ ಮಳೆ ಮುರಿದುಕೊಂಡು ಬಿತ್ತು. ಗ್ರಿಂಟನ್ ಬಳಿ ಸೇತುವೆ ಕುಸಿಯಿತು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ತಲೆಮಾರುಗಳಿಂದ ಕಾಯ್ದುಕೊಂಡು ಬಂದ ಹೊಲದ ಗೋಡೆಗಳು ಬಿದ್ದವು. ಕುರಿಗಳು ಕೊಚ್ಚಿಹೋದವು, ಚಳಿಗಾಲದ ಮೇವಿಗೆಂದು ಬೆಳೆಸಿದ ಹುಲ್ಲುಗಾವಲಿನ ಮೇಲೆ ಕಲ್ಲುಮಣ್ಣು ಹರಡಿಕೊಂಡಿತು. ಎರಡೇ ದಿನಗಳಲ್ಲಿ, ಆಗಸ್ಟ್ 1ರಂದು, ಡರ್ಬಿಷೈರಿನ ಟಾಡ್‌ಬ್ರೂಕ್ ಜಲಾಶಯದ ಕೋಡಿಯ ಕಾಂಕ್ರೀಟು ಕಿತ್ತುಹೋಯಿತು. ಕಾಲುವೆಯಲ್ಲಿ ದೋಣಿ ಓಡಿಸಲು ನೀರು ಬೇಕೆಂದು ಹತ್ತೊಂಬತ್ತನೇ ಶತಮಾನದಲ್ಲಿ ಕಟ್ಟಿದ ಅಣೆಕಟ್ಟು ಅದು. ಕೆಳಗಿನ ವೇಲಿ ಬ್ರಿಜ್ ಪಟ್ಟಣದ ಸುಮಾರು 1,500 ಜನ ಉಟ್ಟ ಬಟ್ಟೆಯಲ್ಲೇ ಊರು ಬಿಟ್ಟರು. ವಾಯುಪಡೆಯ ಹೆಲಿಕಾಪ್ಟರು ಕಲ್ಲಿನ ಮೂಟೆಗಳನ್ನು ತಂದು ಬಿರುಕಿಗೆ ಸುರಿಯಿತು, ಪಂಪುಗಳು ಜಲಾಶಯವನ್ನು ಬರಿದು ಮಾಡಿದವು. ಅಣೆಕಟ್ಟು ನಿಂತಿತು, ಜನ ಆರು ದಿನಗಳ ಮೇಲೆ ಮರಳಿದರು.

ಹರಿಯುವ ನೀರನ್ನು ನಡೆಸುವುದು

ಬಾಸ್ಕಾಸಲ್ ತನ್ನ ಅನುಭವದಿಂದ ಊರನ್ನೇ ತಿದ್ದಿಕೊಂಡಿತು. ವೇಲೆನ್ಸಿಯ ಪಾತ್ರವನ್ನು ಅಗಲ ಮಾಡಿ ಆಳ ಮಾಡಿದರು. ವಾಹನ ನಿಲ್ದಾಣವನ್ನು ಎತ್ತರಿಸಿ ಹೊಳೆಗೆ ಜಾಗ ಬಿಟ್ಟರು. ಮರ, ಕಾರು ಸಿಕ್ಕಿಕೊಂಡಿದ್ದ ಸೇತುವೆಯ ಜಾಗದಲ್ಲಿ ದೊಡ್ಡ ಕಣ್ಣಿನ ಸೇತುವೆ ಬಂತು. ಲಿನ್‌ಮತ್‌ನಲ್ಲೂ 1952ರ ನಂತರ ಹೊಳೆಗೆ ಅಗಲವಾದ ಪಾತ್ರ ಬಿಟ್ಟುಕೊಟ್ಟೇ ಊರು ಕಟ್ಟಿದ್ದರು.

ಉತ್ತರ ಯಾರ್ಕ್‌ಷೈರಿನ ಪಿಕರಿಂಗ್ ಪಟ್ಟಣದವರ ದಾರಿ ಬೇರೆ. 1999ರಿಂದ 2007ರೊಳಗೆ ನಾಲ್ಕು ಸಲ ನೆರೆ ಕಂಡ ಊರದು. ಕಾಂಕ್ರೀಟಿನ ತಡೆಗೋಡೆಗೆ ತಗಲುವ ವೆಚ್ಚಕ್ಕೆ ಸರ್ಕಾರ ಒಪ್ಪಲಿಲ್ಲ. ಸ್ಥಳೀಯರು, ವಿಜ್ಞಾನಿಗಳು, ಅರಣ್ಯ ಇಲಾಖೆಯವರು ಸೇರಿ ಊರಿನ ಮೇಲಿನ ಕಣಿವೆಯಲ್ಲೇ ನೀರಿನ ಓಟ ತಗ್ಗಿಸಲು ಹೊರಟರು. ತೊರೆಗಳಿಗೆ ಅಡ್ಡಲಾಗಿ ಮರದ ದಿಮ್ಮಿಗಳ 167 ಕಟ್ಟೆ, ಮೇಲಿನ ಬಯಲಿನ ಕಾಲುವೆಗಳಲ್ಲಿ ಕುರುಚಲು ಗಿಡದ ಹೊರೆಗಳ 187 ಕಟ್ಟೆ. ಸಾಧಾರಣ ದಿನಗಳಲ್ಲಿ ನೀರು ಇವುಗಳ ಸಂದಿಯಿಂದ ಸರಾಗವಾಗಿ ಹೋಗುತ್ತದೆ, ಜೋರು ಮಳೆಗೆ ಮಾತ್ರ ತಡೆದು ನಿಲ್ಲುತ್ತದೆ. ಜೊತೆಗೆ ಸಾವಿರಾರು ಸಸಿ ನೆಟ್ಟರು. 1.2 ಲಕ್ಷ ಘನಮೀಟರ್ ನೀರು ಹಿಡಿಯುವ ಮಣ್ಣಿನ ಏರಿ ಕಟ್ಟಿದರು. 2015ರ ಕ್ರಿಸ್‌ಮಸ್ ಮರುದಿನದ ಭಾರಿ ಮಳೆಗೆ ಯಾರ್ಕ್‌ಷೈರಿನ ಹಲವು ಊರುಗಳು ಮುಳುಗಿದಾಗ ಪಿಕರಿಂಗ್ ಉಳಿಯಿತು. ಹೊಳೆಯ ಗರಿಷ್ಠ ಹರಿವು ಶೇ 15ರಿಂದ 20ರಷ್ಟು ತಗ್ಗಿತ್ತೆಂದು ಅಧ್ಯಯನ ಹೇಳಿತು. ಈಗ ಹೆಬ್ಡೆನ್ ಬ್ರಿಜ್ ಮೇಲಿನ ಕಾಡುಗಳಲ್ಲೂ ಸ್ವಯಂಸೇವಕರು ಇಂಥ ಕಟ್ಟೆಗಳನ್ನು ಕಟ್ಟುತ್ತಿದ್ದಾರೆ.

ನಗರಗಳಲ್ಲಿ ಅದೇ ಕೆಲಸವನ್ನು ರಸ್ತೆ ಬದಿಯ ಮಣ್ಣು ಮಾಡುತ್ತದೆ. 2007ರಲ್ಲಿ ಡಾನ್ ನದಿಯ ನೆರೆ ಕಂಡಿದ್ದ ಶೆಫೀಲ್ಡ್ ನಗರ, ವಾಹನ ಸಂಚಾರ ಕಡಿಮೆಯಾದ ರಸ್ತೆಯ ಡಾಂಬರು ಅಗೆದು ಹೂಗಿಡ, ಹುಲ್ಲಿನ ತಗ್ಗು ಪಾತಿಗಳನ್ನು ಮಾಡಿದೆ. ಮಳೆನೀರು ಪಾತಿಗೆ ಹೋಗಿ, ಇಂಗಿ, ನಿಧಾನವಾಗಿ ನದಿ ಸೇರುತ್ತದೆ. ವೇಲ್ಸ್‌ನ ಕಾರ್ಡಿಫ್ ನಗರದ ಗ್ರೇಂಜ್‌ಟೌನ್ ಬಡಾವಣೆಯಲ್ಲಿ ಬೀದಿಯ ನೀರನ್ನು ಎಂಟು ಮೈಲಿ ದೂರದ ಸಮುದ್ರಕ್ಕೆ ಪಂಪ್ ಮಾಡುತ್ತಿದ್ದರು. ಈಗ ಅದು ಇಂಥ ಪಾತಿಗಳಲ್ಲಿ ಸೋಸಿ ಪಕ್ಕದ ಟಾಫ್ ನದಿಗೆ ಇಳಿಯುತ್ತದೆ. ಹಲ್ ನಗರದ ಅಂಚಿನಲ್ಲಿ ಮಕ್ಕಳು ಆಡುವ ಹುಲ್ಲುಬಯಲುಗಳನ್ನೇ ತಗ್ಗಾಗಿಸಿದ್ದಾರೆ. ಮಳೆ ಬಂದ ದಿನ ಅವು ಕೆರೆ.

ಮಾಡಬೇಕಾದ್ದು ಏನೆಂದು ಗೊತ್ತಿದೆ. ಆದರೆ ಅದನ್ನು ಕಡ್ಡಾಯ ಮಾಡುವ ವಿಷಯದಲ್ಲಿ ದೇಶ ಇಬ್ಭಾಗವಾಗಿದೆ. 2010ರ ಕಾಯ್ದೆಯ ಮೂರನೇ ಅನುಸೂಚಿ, ಹೊಸ ಬಡಾವಣೆಗಳು ತಮ್ಮ ಮಳೆನೀರನ್ನು ತಮ್ಮ ನೆಲದಲ್ಲೇ ನಿಭಾಯಿಸಬೇಕೆನ್ನುತ್ತದೆ. ವೇಲ್ಸ್ ಅದನ್ನು 2019ರ ಜನವರಿಯಲ್ಲಿ ಜಾರಿಗೆ ತಂದಿತು. ಇಂಗ್ಲೆಂಡ್ ತರುವುದಾಗಿ 2023ರಲ್ಲಿ ಹೇಳಿ, ಗಡುವು ದಾಟಿಸಿತು. ಅಲ್ಲಿ ಮನೆ ಕಟ್ಟುವ ಕಂಪನಿಗೆ ಹೊಸ ಬಡಾವಣೆಯ ಮಳೆನೀರನ್ನು ಹಳೆಯ ಒಳಚರಂಡಿಗೆ ಜೋಡಿಸುವ ಹಕ್ಕು ಹಾಗೆಯೇ ಇದೆ. ಇತ್ತ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹೊರುತ್ತದೆ. ಇಂಗಾಲದ ಹೊರಸೂಸುವಿಕೆ ಈಗಿನಂತೆ ಏರುತ್ತಲೇ ಹೋದರೆ, ಗಂಟೆಗೆ 20 ಮಿ.ಮೀ. ಮೀರುವ ಮಳೆ 2080ರ ಹೊತ್ತಿಗೆ 1980ರ ದಶಕದ ನಾಲ್ಕು ಪಟ್ಟಾಗಬಹುದೆಂದು ಬ್ರಿಟಿಷ್ ಹವಾಮಾನ ಇಲಾಖೆಯ ವಿಜ್ಞಾನಿಗಳು 2023ರಲ್ಲಿ ಲೆಕ್ಕ ಹಾಕಿದರು. ಹಲ್, ಹೆಬ್ಡೆನ್ ಬ್ರಿಜ್, ನಾಟಿಂಗ್ ಹಿಲ್‌ಗಳ ಜನ ಕೇಳುತ್ತಿರುವುದು ದೊಡ್ಡ ಅಣೆಕಟ್ಟನ್ನಲ್ಲ. ತಮ್ಮ ಬೀದಿಯ ಮೇಲ್ಗಡೆ ಮುಂದಿನ ನೂರು ಮನೆ ಎದ್ದಾಗ ಅವುಗಳ ಚಾವಣಿಯ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅಡಿಪಾಯ ಹಾಕುವ ಮೊದಲೇ ನಕ್ಷೆಯಲ್ಲಿ ತೋರಿಸಿ ಎಂದಷ್ಟೇ ಅವರು ಕೇಳುತ್ತಿದ್ದಾರೆ.